ಉಂಡ ದೇವರು, ಉಣ್ಣದ ದೇವರು: ನಂಜನಗೂಡಿನ ಪಡಿಯಿಂದ ಜೆರುಸಲೇಮಿನ ಹನ್ನೆರಡು ರೊಟ್ಟಿವರೆಗೆ

ಇವತ್ತಿನ ವಿಷಯ ದೇವರ ಊಟ. ಹಸಿದುಕೊಂಡು ಕೇಳಬೇಡಿ, ಮಧ್ಯದಲ್ಲಿ ತಂಬಿಟ್ಟು ಬರುತ್ತೆ.

ನಾನು ಮೂರನೇ ಕ್ಲಾಸಲ್ಲಿದ್ದಾಗ ಅವ್ವ, ಅಂದರೆ ನಮ್ಮ ಅಜ್ಜಿ, ನನ್ನನ್ನು ನಂಜನಗೂಡಿಗೆ ಕರ್ಕೊಂಡು ಹೋಗಿದ್ದಳು. ಕಪಿಲೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಸಾಲಲ್ಲಿ ನಿಂತು, ಇನ್ನೇನು ಗರ್ಭಗುಡಿ ಕಾಣಬೇಕು, ಸರ್ರನೆ ಪರದೆ ಎಳೆದರು. ನೈವೇದ್ಯದ ಹೊತ್ತು. ಒಳಗೆ ಗಂಟೆ ಸದ್ದು, ಹೊರಗೆ ನಮ್ಮ ಹೊಟ್ಟೆ ಸದ್ದು. ನಾನು ಕೇಳಿದೆ, "ಅವ್ವ, ದೇವ್ರು ನಿಜ್ವಾಗ್ಲೂ ತಿಂದದಾ?" ಅವಳು ನಕ್ಕು ಅಂದಳು: "ಅಂವ ತಿನ್ನಂಗಿದ್ರೆ ನಿಂಗೆಲ್ಲಿ ಉಳೀತಿತ್ತು ಮಗ? ಸುಮ್ಕೆ ನೋಡ್ತನ ಅಷ್ಟೆ."

ಎಷ್ಟೋ ವರ್ಷ ಆದ ಮೇಲೆ ಪ್ರಾಚೀನ ಇಸ್ರಾಯೇಲರ ಪೂಜಾಪದ್ಧತಿ ಬಗ್ಗೆ ಓದುವಾಗ ಈ ಮಾತು ವಾಪಸ್ ಬಂತು. ಯಾಕೆ ಅಂದರೆ ಅವರ ಗುಡಾರದೇವಾಲಯದಲ್ಲಿ, ಆಮೇಲೆ ಜೆರುಸಲೇಮಿನ ಕಲ್ಲಿನ ದೇವಾಲಯದಲ್ಲಿ, ಒಂದು ಮೇಜಿತ್ತು. ಆ ಮೇಜಿನ ಮೇಲೆ ಸದಾ ಹನ್ನೆರಡು ರೊಟ್ಟಿ ಇರಬೇಕಿತ್ತು. ಹೀಬ್ರೂ ಭಾಷೆಯಲ್ಲಿ ಅದರ ಹೆಸರು 'ಲೆಹೆಮ್ ಪಾನೀಮ್'. ಲೆಹೆಮ್ ಅಂದರೆ ರೊಟ್ಟಿ. ಬೇತ್ಲೆಹೇಮ್ ಅಂದರೆ ರೊಟ್ಟಿಮನೆ, ಅದೇ ಲೆಹೆಮ್. ಪಾನೀಮ್ ಅಂದರೆ ಮುಖ. ಮುಖದ ರೊಟ್ಟಿ, ದೇವರ ಮುಖದೆದುರು ಇರೋ ರೊಟ್ಟಿ. ಸುಮ್ಕೆ ನೋಡ್ತನ ಅಷ್ಟೆ!

ಲೆಕ್ಕ ಯಾಜಕಕಾಂಡದ 24ನೇ ಅಧ್ಯಾಯದಲ್ಲಿದೆ. ಒಂದೊಂದು ರೊಟ್ಟಿಗೂ ಏಫಾ ಅನ್ನೋ ಅಳತೆಯ ಹತ್ತರಲ್ಲಿ ಎರಡು ಭಾಗ ನಯವಾದ ಗೋಧಿಹಿಟ್ಟು. ಏಫಾ ಸುಮಾರು 22 ಲೀಟರ್ ಅಂತ ಹಿಡಿದರೆ ಒಂದು ರೊಟ್ಟಿಗೇ ನಾಲ್ಕು ಲೀಟರ್ ಮೀರಿದ ಹಿಟ್ಟು. ನಮ್ಮ ಅಕ್ಕಿರೊಟ್ಟಿ ಕಣ್ಮುಂದೆ ತಂದ್ಕೋಬೇಡಿ, ಇದು ಬೇರೆ ಗಾತ್ರ. ಆರಾರರ ಎರಡು ಸಾಲು, ಜೊತೆಗೆ ಧೂಪದ್ರವ್ಯ. ಸಬ್ಬತ್ತಿನ ದಿನ ಹೊಸ ರೊಟ್ಟಿ ಇಟ್ಟು ಹಳೇದು ತೆಗೀತಾರೆ. ಧೂಪ ಬೆಂಕಿಗೆ ಹೋಗುತ್ತೆ, ಹೊಗೆ ದೇವರಿಗೆ. ರೊಟ್ಟಿ? ಪುರೋಹಿತರು ತಿಂತಾರೆ, ಅದೂ ಪವಿತ್ರ ಸ್ಥಳದಲ್ಲೇ ಕೂತು.

ಇದು ಎಷ್ಟು ವಿಚಿತ್ರ ಅನ್ನೋದು ಗೊತ್ತಾಗಬೇಕಾದರೆ ಪಕ್ಕದ ಮೆಸೊಪೊಟೇಮಿಯಾ ನೋಡಬೇಕು. ಅಲ್ಲಿ ದೇವರು ಉಣ್ಣುತ್ತಿದ್ದ. ಉರುಕ್ ನಗರದ ಜೇಡಿಮಣ್ಣಿನ ಫಲಕಗಳ ಪ್ರಕಾರ ದಿನಕ್ಕೆ ನಾಲ್ಕು ಹೊತ್ತು ಊಟ. ಬಡಿಸಿದ ಮೇಲೆ ಸುತ್ತ ಬಟ್ಟೆಯ ಪರದೆ. ದೇವರು ಊಟ ಮಾಡುವಾಗ ಯಾರೂ ನೋಡಬಾರದು! ಉಳಿದದ್ದು ರಾಜನಿಗೆ. ನಂಜನಗೂಡಿನ ಸಾಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಸ್ರಾಯೇಲರು ಈ ಮೇಜು, ತಟ್ಟೆ, ಹೂಜಿ ಎಲ್ಲವನ್ನೂ ಇಟ್ಕೊಂಡರು, ಊಟವನ್ನು ಮಾತ್ರ ತೆಗೆದುಬಿಟ್ಟರು. 50ನೇ ಕೀರ್ತನೆಯಲ್ಲಿ ಅವರ ದೇವರು ಸಿಟ್ಟಲ್ಲೇ ಕೇಳ್ತಾನೆ: ನನಗೆ ಹಸಿವಾದರೆ ನಿಮ್ಮನ್ನು ಕೇಳ್ತೀನಾ ಅನ್ನೋ ಧಾಟಿಯಲ್ಲಿ. ಹಾಗಾದರೆ ರೊಟ್ಟಿ ಯಾಕೆ? ಹನ್ನೆರಡು ಅಂದರೆ ಹನ್ನೆರಡು ಕುಲ. ಇಡೀ ಜನ ಆ ಮುಖದ ಎದುರು ಸದಾ ಹಾಜರಿದ್ದೇವೆ ಅನ್ನೋದಕ್ಕೆ ಒಂದು ಗುರುತು. ಊಟಕ್ಕಿಂತ ಹಾಜರಿ ಮುಖ್ಯ. ನನಗೆ ಒಪ್ಪಿಗೆಯಾಗೋ ವಿವರಣೆ ಇದೇ.

ನಮ್ಮ ಕಡೆ ನೋಡಿ. ನಂಜುಂಡ. ಹೆಸರಲ್ಲೇ 'ಉಂಡ' ಇದೆ. ಸಮುದ್ರ ಕಡೆದಾಗ ಬಂದ ನಂಜನ್ನು ಉಂಡವನು. ಟಿಪ್ಪು ತನ್ನ ಆನೆಯ ಕಣ್ಣು ವಾಸಿಯಾಯಿತು ಅಂತ 'ಹಕೀಂ ನಂಜುಂಡ' ಅಂತ ಕರೆದ ಅನ್ನೋ ಕಥೆ ನಿಮಗೆ ಗೊತ್ತಿರುತ್ತೆ. ಹೆಸರು ಹೀಗಿದ್ದರೂ ಅವನ ಮುಂದೆ ಇಡೋ ಅನ್ನಕ್ಕೆ ನಾವು ಕೊಟ್ಟಿರೋ ಹೆಸರು 'ನೈವೇದ್ಯ', ಆ ಪದದಲ್ಲಿ ಉಣ್ಣೋ ಅರ್ಥವೇ ಇಲ್ಲ. ನಿವೇದನೆಯಿಂದ ಬಂದದ್ದು: ಅರಿಕೆ ಮಾಡಿಕೊಳ್ಳೋದು. ಉಂಡ ದೇವರಿಗೂ ನಾವು ತೋರಿಸಿಯೇ ತರ್ತೀವಿ. ಕನ್ನಡ ಬೈಬಲ್ ಅನುವಾದದಲ್ಲೂ ಇಸ್ರಾಯೇಲರ ಹಿಟ್ಟಿನ ಕಾಣಿಕೆಗೆ 'ಧಾನ್ಯನೈವೇದ್ಯ' ಅಂತಲೇ ಇದೆ. ಅನುವಾದಕರು ಬೇರೆ ಪದ ಹುಡುಕಿಕೊಂಡು ಅಲೆದಾಡಲಿಲ್ಲ, ಒಳ್ಳೇದಾಯ್ತು.

ಇನ್ನೊಂದು ಪದ ಇದೆ, ನನಗೆ ನೈವೇದ್ಯಕ್ಕಿಂತ ಇಷ್ಟವಾದದ್ದು. ಪಡಿ. ಬಿ.ಎಲ್. ರೈಸ್ 1894ರಲ್ಲಿ ಮೈಸೂರು ಜಿಲ್ಲೆಯ ಶಾಸನಗಳ ಮೊದಲ ಭಾಗ ಅಚ್ಚು ಹಾಕಿಸಿದರು. ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಕಲ್ಲುಗಳೆಲ್ಲ ಅದರಲ್ಲಿವೆ. ನಮ್ಮ ದಾನಶಾಸನಗಳನ್ನು ಓದ್ತಾ ಹೋದರೆ ರಾಜರ ಬಿರುದು ಮುಗಿದ ಮೇಲೆ ಬರೋದು ಅಡುಗೆಮನೆ ಲೆಕ್ಕ: ಅಂಗಭೋಗಕ್ಕೆ, ರಂಗಭೋಗಕ್ಕೆ, ನಂದಾದೀವಿಗೆಗೆ, ಅಮೃತಪಡಿಗೆ ಇಂಥ ಗದ್ದೆ, ಇಂಥ ತೋಟ, ಇಂತಿಷ್ಟು ಭತ್ತ. ಅಮೃತಪಡಿ ಅಂದರೆ ದೇವರ ನಿತ್ಯದ ಅನ್ನಕ್ಕೆ ಅಳೆದು ಕೊಡೋ ಪಾಲು. ಆ 'ಪಡಿ'ಯೇ ನಿಮ್ಮ ಮನೆಯ ಪಡಿತರ ಚೀಟಿಯಲ್ಲಿ ಕೂತಿರೋದು. ದೇವರಿಗೂ ನಮಗೂ ಒಂದೇ ರೇಷನ್ ಪದ.

ಇಸ್ರಾಯೇಲಿನಲ್ಲೂ ಹೀಗೇ. ನೆಗೆವ್ ಮರುಭೂಮಿಯ ಅಂಚಿನ ಅರಾದ್ ಅನ್ನೋ ಕೋಟೆಯನ್ನು 1960ರ ದಶಕದಲ್ಲಿ ಯೋಹಾನನ್ ಅಹರೋನಿ ಅಗೆಸಿದಾಗ ಒಳಗೊಂದು ಸಣ್ಣ ದೇವಾಲಯ ಸಿಕ್ಕಿತು. ಜೊತೆಗೆ ಮಡಕೆಚೂರುಗಳ ಮೇಲೆ ಮಸಿಯಲ್ಲಿ ಬರೆದ ಚೀಟಿಗಳು, ಕ್ರಿ.ಪೂ. 600ರ ಆಸುಪಾಸಿನವು. ಎಲ್ಯಾಷೀಬ್ ಅನ್ನೋ ಅಧಿಕಾರಿಗೆ ಬಂದ ಆದೇಶಗಳು: ಇಂಥವರಿಗೆ ಇಷ್ಟು ದ್ರಾಕ್ಷಾರಸ ಕೊಡು, ರೊಟ್ಟಿಗೆ ಇಷ್ಟು ಹಿಟ್ಟು ಕೊಡು. ಧರ್ಮಗ್ರಂಥ ಪಕ್ಕಕ್ಕಿಟ್ಟು ಇಂಥ ಚೀಟಿ ಓದೋದು ನನಗೆ ಖುಷಿ. ಅದರಲ್ಲಿ ಉಪದೇಶ ಇರಲ್ಲ, ಹಿಟ್ಟು ಇರುತ್ತೆ.

ಅಡುಗೆಯವರ ಕಥೆಯೂ ಹೇಳಿಬಿಡ್ತೀನಿ. ಜೆರುಸಲೇಮಿನಲ್ಲಿ ಆ ರೊಟ್ಟಿ ಮಾಡೋ ವಿದ್ಯೆ ಗಾರ್ಮು ಅನ್ನೋ ಮನೆತನಕ್ಕೆ ಮಾತ್ರ ಗೊತ್ತಿತ್ತಂತೆ, ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಮಿಷ್ನಾ ಗ್ರಂಥ ಅವರನ್ನು ಬೈದಿದೆ. ತಾಲ್ಮುದ್ ಮುಂದಿನ ಕಥೆ ಹೇಳುತ್ತೆ: ಅವರ ಬದಲಿಗೆ ಅಲೆಕ್ಸಾಂಡ್ರಿಯಾದಿಂದ ಬಾಣಸಿಗರನ್ನು ಕರೆಸಿದರು, ಆ ರೊಟ್ಟಿಗೆ ಬೂಷ್ಟು ಬಂತು. ಕೊನೆಗೆ ಎರಡರಷ್ಟು ಸಂಬಳ ಕೊಟ್ಟು ಗಾರ್ಮುಗಳನ್ನೇ ವಾಪಸ್ ಕರೆದರು. ಆದರೆ ಅದೇ ಕಥೆಯಲ್ಲಿ ಅವರ ಬಗ್ಗೆ ಒಂದು ಒಳ್ಳೇ ಮಾತೂ ಇದೆ. ಅವರ ಮಕ್ಕಳ ಕೈಯಲ್ಲಿ ಯಾವತ್ತೂ ನಯವಾದ ಹಿಟ್ಟಿನ ರೊಟ್ಟಿ ಕಂಡವರಿಲ್ಲ. ದೇವರ ಹಿಟ್ಟು ಮನೆಗೆ ಹೋಗ್ತಿದೆ ಅಂತ ಯಾರೂ ಅನ್ನಬಾರದು ಅಂತ.

ಈಗ ತಂಬಿಟ್ಟು. ಅವ್ವನ ಊರು ನರಸೀಪುರ ತಾಲ್ಲೂಕಿನದು, ಹೆಸರು ಬೇಡ. ಮಾರಮ್ಮನ ಹಬ್ಬದ ದಿನ ಮನೆಮಂದಿಗೆಲ್ಲ ಕೆಲಸ. ಹುಡುಗರು ಸೌದೆ ತರಬೇಕು, ತಾತ ಒಲೆ ಹಚ್ಚಬೇಕು, ಅವ್ವ ಅಕ್ಕಿಹಿಟ್ಟಿಗೆ ಬೆಲ್ಲ ಹಾಕಿ ಮಿದ್ದು ತಂಬಿಟ್ಟು ಕಟ್ಟಬೇಕು. ನಡುವೆ ಗುಳಿ ಮಾಡಿ, ಬತ್ತಿ ಇಟ್ಟು, ತಲೆ ಮೇಲೆ ಆರತಿ ಹೊತ್ಕೊಂಡು ಹೊರಡೋದು. ಯೆರೆಮೀಯನ ಪುಸ್ತಕದ 7ನೇ ಅಧ್ಯಾಯದಲ್ಲಿ ಇದೇ ದೃಶ್ಯ ಕಂಡು ನಾನು ಎದ್ದು ಕೂತೆ: ಮಕ್ಕಳು ಸೌದೆ ಆರಿಸ್ತಾರೆ, ಅಪ್ಪಂದಿರು ಬೆಂಕಿ ಹೊತ್ತಿಸ್ತಾರೆ, ಹೆಂಗಸರು ಹಿಟ್ಟು ನಾದ್ತಾರೆ, 'ಗಗನದ ಒಡತಿ' ಅನ್ನೋ ದೇವಿಗೆ ರೊಟ್ಟಿ ಮಾಡೋಕೆ. ಪ್ರವಾದಿಗೆ ಇದು ಸುತರಾಂ ಇಷ್ಟವಿಲ್ಲ. ಆದರೆ 44ನೇ ಅಧ್ಯಾಯದಲ್ಲಿ ಆ ಹೆಂಗಸರು ಅವನಿಗೇ ತಿರುಗಿ ಉತ್ತರ ಕೊಡ್ತಾರೆ: ಮಾಡ್ತಿದ್ದಷ್ಟು ದಿನ ಹೊಟ್ಟೆ ತುಂಬಿತ್ತು, ಬಿಟ್ಟ ಮೇಲೆ ಬರಗೆಟ್ಟೆವು, ನಮ್ಮ ಗಂಡಂದಿರಿಗೆ ತಿಳಿಯದೆ ಮಾಡಿದ್ವಾ ಅಂತ. ಬರೆದಿಟ್ಟವರು ಪ್ರವಾದಿಯ ಪಕ್ಷದವರೇ, ಆದರೂ ಆ ಹೆಂಗಸರ ದನಿ ಉಳಿದುಬಿಟ್ಟಿದೆ.

ನಮ್ಮೂರಲ್ಲಿ ಏನಾಗ್ತಿತ್ತು ಅಂದರೆ, ನಮ್ಮ ಕೇರಿಯ ಆರತಿ ಕೊನೆಗೆ ಹೋಗ್ತಿತ್ತು, ಗುಡಿಯೊಳಗೆ ಹೋಗ್ತಿರಲಿಲ್ಲ. ಬಾಗಿಲಾಚೆ ಇಟ್ಟು, ದೂರದಿಂದ ನೀರು ಚಿಮುಕಿಸಿಕೊಂಡು, ವಾಪಸ್. ಅದೇ ಅಕ್ಕಿ, ಅದೇ ಬೆಲ್ಲ. ಅವ್ವ ಯಾಕೆ ವರ್ಷಕ್ಕೆರಡು ಸಲ ನಂಜನಗೂಡಿಗೆ ಓಡ್ತಿದ್ದಳು ಅನ್ನೋದು ನನಗೆ ಆಮೇಲೆ ಅರ್ಥ ಆಯ್ತು. ಅಷ್ಟು ಜನರಲ್ಲಿ ಯಾರು ಯಾವ ಕೇರಿ ಅಂತ ಕೇಳೋರಿರಲಿಲ್ಲ.

ಮುಖದೆದುರು ಹಾಜರಿ ಅಂದೆನಲ್ಲ, ಯಾರ ಹಾಜರಿ ಅನ್ನೋದೇ ಜಗಳ. ನಂಜನಗೂಡು ತಾಲ್ಲೂಕಿನ ಬದನವಾಳು, ಖಾದಿಗೆ ಹೆಸರಾದ ಊರು. ಅಲ್ಲಿ ದಲಿತರು ಸಿದ್ದೇಶ್ವರ ದೇವಸ್ಥಾನ ಪ್ರವೇಶ ಮಾಡಿದ್ದರ ಹಗೆ 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಲ್ಲಿ ಮುಗೀತು. ಕೇಳ್ತಿರೋ ನಿಮ್ಮಲ್ಲಿ ತುಂಬ ಜನ ಆಗ ಹುಟ್ಟಿರಲಿಲ್ಲ. ನಿಮ್ಮ ಅಪ್ಪಅಮ್ಮನಿಗೆ ನೆನಪಿರುತ್ತೆ, ಕೇಳಿ ನೋಡಿ.

ಸಮುವೇಲನ ಮೊದಲ ಪುಸ್ತಕದಲ್ಲೂ ಈ ರೊಟ್ಟಿಯ ಸುತ್ತ ರಕ್ತ ಇದೆ. ದಾವೀದ ಇನ್ನೂ ರಾಜನಾಗಿಲ್ಲ, ಸೌಲನಿಗೆ ಹೆದರಿ ಓಡ್ತಿದ್ದಾನೆ. ನೋಬ್ ಅನ್ನೋ ಊರಿನ ಪುರೋಹಿತ ಅಹೀಮೆಲೆಕನ ಹತ್ತಿರ ಬಂದು ಐದು ರೊಟ್ಟಿ ಕೇಳ್ತಾನೆ. ಮಾಮೂಲಿ ರೊಟ್ಟಿ ಇಲ್ಲ, ದೇವರ ಮುಂದಿಂದ ತೆಗೆದದ್ದು ಮಾತ್ರ ಇದೆ. ಪುರೋಹಿತ ಒಂದು ಮಡಿಯ ಪ್ರಶ್ನೆ ಕೇಳಿ, ಉತ್ತರ ಸಿಕ್ಕ ಮೇಲೆ ಕೊಟ್ಟುಬಿಡ್ತಾನೆ. ಹಸಿದವನು ಮುಂದೆ ನಿಂತಾಗ ಶಾಸ್ತ್ರವನ್ನು ಎಷ್ಟು ಸಡಿಲ ಮಾಡಬಹುದೋ ಅಷ್ಟು ಮಾಡಿದ. ಅಲ್ಲೇ ನಿಂತಿದ್ದ ಸೌಲನ ಆಳು ದೋಯೇಗ ಇದನ್ನು ನೋಡಿ ಚಾಡಿ ಹೇಳ್ತಾನೆ. ಸೌಲ 85 ಪುರೋಹಿತರನ್ನು ಕೊಲ್ಲಿಸ್ತಾನೆ. ಸಾವಿರ ವರ್ಷ ಕಳೆದು ಯೇಸು ತನ್ನ ಶಿಷ್ಯರ ಪರವಾಗಿ ವಾದ ಮಾಡುವಾಗ ಎತ್ತಿ ಹೇಳೋದು ಇದೇ ರೊಟ್ಟಿಯನ್ನ. ಆದರೆ ಆ 85 ಜನರ ಮಾತು ಅಲ್ಲಿ ಬರಲ್ಲ.

ಬಡವರ ಬಗ್ಗೆಯೂ ಒಂದು ನಿಯಮ ಇತ್ತು. ಪಾಪ ಪರಿಹಾರಕ್ಕೆ ಕುರಿ ತರಬೇಕು. ಆಗದಿದ್ದರೆ ಎರಡು ಪಾರಿವಾಳ. ಅದೂ ಆಗದಿದ್ದರೆ ಏಫಾದ ಹತ್ತನೇ ಒಂದು ಭಾಗ ಹಿಟ್ಟು ಸಾಕು. ಎಣ್ಣೆ ಬೇಡ, ಧೂಪ ಬೇಡ. ಪುರೋಹಿತ ಒಂದು ಹಿಡಿ ತೆಗೆದು ಬೆಂಕಿಗೆ ಹಾಕ್ತಾನೆ, ಮುಗೀತು. ಆ ಹಿಡಿ ಹಿಟ್ಟು ಬಾಗಿಲಾಚೆ ಉಳೀತಿರಲಿಲ್ಲ, ಬಲಿಪೀಠದ ಮೇಲೆ ಕುರಿಯ ಕೊಬ್ಬು ಉರಿಯೋ ಜಾಗದಲ್ಲೇ ಉರೀತಿತ್ತು.

ಪಡಿ ನಿಂತುಹೋದರೆ? ಈಜಿಪ್ಟಿನ ಎಲೆಫಾಂಟೈನ್ ದ್ವೀಪದಲ್ಲಿ ಯೆಹೂದಿ ಸೈನಿಕರದ್ದೊಂದು ದೇವಾಲಯ ಇತ್ತು. ಕ್ರಿ.ಪೂ. 410ರಲ್ಲಿ ಅದನ್ನು ಕೆಡವಿದರು. ಮೂರು ವರ್ಷ ಬಿಟ್ಟು ಅವರು ಯೆಹೂದದ ರಾಜ್ಯಪಾಲನಿಗೆ ಬರೆದ ಅರ್ಜಿಯ ಕರಡು ಸಿಕ್ಕಿದೆ: ಅವತ್ತಿಂದ ಧಾನ್ಯನೈವೇದ್ಯ ಇಲ್ಲ, ಧೂಪ ಇಲ್ಲ, ದಹನಬಲಿ ಇಲ್ಲ, ನಾವು ಗೋಣಿತಟ್ಟು ಉಟ್ಟು ಉಪವಾಸ ಇದ್ದೇವೆ ಅಂತ. ಬಂದ ಉತ್ತರದಲ್ಲಿ ಧಾನ್ಯಕ್ಕೂ ಧೂಪಕ್ಕೂ ಒಪ್ಪಿಗೆ ಇದೆ, ದಹನಬಲಿಯ ಮಾತೇ ಇಲ್ಲ. ಜೆರುಸಲೇಮಿನ ಮೇಜಿನ ಗತಿಯೂ ಗೊತ್ತೇ ಇದೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು, ಲೂಟಿಯನ್ನು ಮೆರವಣಿಗೆ ಮಾಡಿದರು. ರೋಮಿನ ಟೈಟಸ್ ಕಮಾನಿನ ಒಳಗೋಡೆಯಲ್ಲಿ ಆ ಮೇಜು ಇವತ್ತಿಗೂ ಕಲ್ಲಲ್ಲಿದೆ, ಸೈನಿಕರ ಹೆಗಲ ಮೇಲೆ. ರೊಟ್ಟಿ ಇಲ್ಲ.

ನಮ್ಮಲ್ಲಿ ಯಾರೂ ಸುಡದಿದ್ದರೂ ಪಡಿ ಕರಗಿದೆ. ದೇವಸ್ಥಾನಗಳ ಇನಾಂ ಜಮೀನು 1955ರ ಕಾಯ್ದೆಯಿಂದ ರದ್ದಾಯಿತು. ಉಳುವವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಬದಲಿಗೆ ಸರ್ಕಾರ ಕೊಡೋದು ತಸ್ತೀಕ್. ಸಣ್ಣ, ಸಿ ವರ್ಗದ ದೇವಸ್ಥಾನಗಳಿಗೆ 2025ರ ಬಜೆಟ್‌ನಲ್ಲಿ ಅದನ್ನು ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಿದರು. ಭಾಗಿಸಿ ನೋಡಿ, ದಿನಕ್ಕೆ ಇನ್ನೂರಕ್ಕೂ ಕಡಿಮೆ. ನಂಜನಗೂಡಿಗೆ ಈ ಚಿಂತೆ ಇಲ್ಲ, ಅಲ್ಲಿ ದಾಸೋಹವೇ ನಡೆಯುತ್ತೆ. ಊರೊಳಗಿನ ಒಂಟಿ ಗುಡಿಗಳ ಒಲೆ ಕಥೆ ಬೇರೆ.

ಹೋದ ತಿಂಗಳು ಸೋಮನಾಥಪುರಕ್ಕೆ ಹೋಗಿದ್ದೆ. ಅದೂ ನರಸೀಪುರ ತಾಲ್ಲೂಕೇ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ್ದು, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಶಾಸನಗಳು ಬಾಗಿಲಲ್ಲೇ ನಿಂತಿವೆ. ಒಳಗೆ ಜನಾರ್ದನ ಇದ್ದಾನೆ, ವೇಣುಗೋಪಾಲ ಇದ್ದಾನೆ, ಕೇಶವನ ಮೂಲ ವಿಗ್ರಹ ಇಲ್ಲ. ಪೂಜೆ ಇಲ್ಲ, ನೈವೇದ್ಯ ಇಲ್ಲ, ಪರದೆ ಎಳೆಯೋರಿಲ್ಲ. ಗೈಡ್ ಒಬ್ಬರು ಟಾರ್ಚ್ ಬಿಟ್ಟು ಮೇಲ್ಛಾವಣಿಯ ಬಾಳೆಮೊಗ್ಗು ತೋರಿಸ್ತಿದ್ದರು. ನನ್ನ ಬ್ಯಾಗಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ತಂಬಿಟ್ಟಿತ್ತು. ವೇಣುಗೋಪಾಲನ ಎದುರು ಒಂದು ನಿಮಿಷ ಬ್ಯಾಗಿನ ಜಿಪ್ ತೆಗೆದು ನಿಂತೆ. ಹಿಂದಿನವರು "ಸ್ವಲ್ಪ ಜರುಗ್ತೀರಾ ಸಾರ್, ಫೋಟೊ" ಅಂದರು. ಹೊರಗೆ ಬಂದು ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂತು, ಪಕ್ಕದಲ್ಲಿ ಕೂತಿದ್ದ ಸೌತೆಕಾಯಿ ಮಾರೋ ಅಜ್ಜಿಗೆ ಅರ್ಧ ಕೊಟ್ಟು, ಅರ್ಧ ತಿಂದೆ. ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು.