ಕೇಪಳ

ಕೇಪಳ (ಕೇಪುಳ) ಕಾಫಿ ಗಿಡದ ಕುಟುಂಬವಾದ ರೂಬಿಯೇಸಿಗೆ ಸೇರಿದ ನಿತ್ಯಹಸಿರು ಹೂಪೊದೆ. ವೈಜ್ಞಾನಿಕ ಹೆಸರು ಇಕ್ಸೋರ ಕಾಕ್ಸಿನಿಯ. ಮಲೆಯಾಳದಲ್ಲಿ ಚೆತ್ತಿ, ತೆಚ್ಚಿ ಎನ್ನುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಪ್ರಕಟವಾದ 'ಹೊರ್ತುಸ್ ಮಲಬಾರಿಕುಸ್' ಎಂಬ ಸಸ್ಯಗ್ರಂಥದಲ್ಲಿ ಇದರ ಚಿತ್ರವಿದೆ. ಈಗಿನ ವೈಜ್ಞಾನಿಕ ಹೆಸರನ್ನು ಸಸ್ಯವಿಜ್ಞಾನಿ ಲಿನೀಯಸ್ 1753ರಲ್ಲಿ ಕೊಟ್ಟ. ಕಾಸರಗೋಡು ಜಿಲ್ಲೆಯ ಮಂಗಲ್ಪಾಡಿ, ಉಪ್ಪಳ ಸುತ್ತಿನ ಮುರಕಲ್ಲಿನ (ಲ್ಯಾಟರೈಟ್) ಗುಡ್ಡೆಗಳಲ್ಲಿ ನೆಕ್ಕರೆ, ಕುಂಟಲ, ಕರಂಡೆ ಎಂಬ ಕಾಡುಗಿಡಗಳ ಜೊತೆ ಯಾರೂ ನೆಡದೆ, ನೀರೆರೆಯದೆ ಬೆಳೆಯುವ ಗಿಡವಿದು. ಅದೇ ಊರಿನ ಮನೆಯಂಗಳಕ್ಕೆ ಬಂದರೆ ಎಷ್ಟೋ ಸಲ ಎಲೆ ಹಳದಿಯಾಗಿ, ಹೂ ಬಿಡದೆ ಸೊರಗುತ್ತದೆ. ತಪ್ಪು ಗಿಡದ್ದಲ್ಲ, ಅಂಗಳದ ಮಣ್ಣಿನದು. ಇದನ್ನು ಬೆಳೆಸುವ ಕ್ರಮವನ್ನು ಗುಡ್ಡೆಯನ್ನು ನೋಡಿಯೇ ಕಲಿಯಬೇಕು.

ಸಾಮಾನ್ಯವಾಗಿ ಒಂದೆರಡು ಮೀಟರ್ ಎತ್ತರ ಬೆಳೆಯುವ ಪೊದೆ. ಎಲೆಗಳು ದಪ್ಪ, ನುಣುಪು, ಎದುರುಬದುರು ಜೋಡಣೆಯವು. ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ ಮಾತ್ರ. ಒಂದೊಂದು ಹೂವಿಗೂ ದಾರದಷ್ಟು ಸಪೂರವಾದ ಉದ್ದ ಕೊಳವೆ, ಅದರ ಬಾಯಲ್ಲಿ ಬಿಚ್ಚಿಕೊಂಡ ನಾಲ್ಕು ಕೆಂಪು ದಳ. ಮಕರಂದ ಕೊಳವೆಯ ತಳದಲ್ಲಿರುವುದರಿಂದ ಉದ್ದ ಹೀರುನಳಿಗೆಯ ದೊಡ್ಡ ಚಿಟ್ಟೆಗಳಿಗೆ ಅದು ಚೆನ್ನಾಗಿ ಎಟಕುತ್ತದೆ. ಮಾಗಿದ ಹಣ್ಣು ಕಪ್ಪುಗೆಂಪು, ತಿನ್ನಲು ಸಿಹಿ. ಹಕ್ಕಿಗಳು ಬೀಜ ಹರಡುತ್ತವೆ. ತುಳುನಾಡಿನ ದೈವಾರಾಧನೆಯಲ್ಲೂ ಉತ್ತರ ಮಲಬಾರಿನ ತೆಯ್ಯಂನಲ್ಲೂ ಈ ಹೂವಿಗೆ ಸ್ಥಾನವಿದೆ.

ಗುಡ್ಡೆಯ ಮುರಮಣ್ಣಿನ ಕೆಂಪು ಬಣ್ಣ ಕಬ್ಬಿಣದ್ದು. ಕೇಪಳದ ಎಲೆ ಹಳದಿಯಾಗುವುದು ಬಹುಮಟ್ಟಿಗೆ ಕಬ್ಬಿಣದ ಕೊರತೆಯಿಂದ. ಕಬ್ಬಿಣದ ಮಣ್ಣಿನ ಮೇಲೆಯೇ ಕಬ್ಬಿಣದ ಹಸಿವು ಹೇಗೆ ಎಂದು ಕೇಳಬಹುದು. ಮಣ್ಣಿನಲ್ಲಿ ಕಬ್ಬಿಣ ಇದ್ದರೆ ಸಾಲದು, ಬೇರು ಹೀರುವಂತೆ ಕರಗಬೇಕು; ಹುಳಿಮಣ್ಣಿನಲ್ಲಿ ಅದು ಕರಗುತ್ತದೆ, ಕ್ಷಾರ ಹೆಚ್ಚಿದಂತೆ ಕಟ್ಟಿಬೀಳುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದು ಗುಡ್ಡೆಯ ಸುಣ್ಣದಂಶವನ್ನು ತೊಳೆದು ಮಣ್ಣನ್ನು ಹುಳಿಯಾಗಿಯೇ ಇಡುತ್ತದೆ, ಮುರಕಲ್ಲಿನ ಸೀಳುಗಳಲ್ಲಿ ನೀರೂ ನಿಲ್ಲದು. ಅಂಗಳದಲ್ಲಾದರೋ ಗೋಡೆ ಕಟ್ಟಿ ಉಳಿದ ಸಿಮೆಂಟ್ ಗಾರೆ, ಇಂಟರ್‌ಲಾಕ್ ಹಾಸಿನ ಕೆಳಗೆ ಸುರಿದ ಜಲ್ಲಿಪುಡಿ, ಕಡಲ ಬದಿಯ ಮನೆಗಳಲ್ಲಿ ಚಿಪ್ಪಿನ ಚೂರು ಬೆರೆತ ಮರಳು ಇರುತ್ತವೆ. ಸಿಮೆಂಟೂ ಚಿಪ್ಪೂ ಸುಣ್ಣದ ಮೂಲಗಳೇ. ತೆಂಗಿಗೆ ಹಾಕುವ ಸುಣ್ಣ, ಮಲ್ಲಿಗೆಗೆ ಹಾಕುವ ಬೂದಿ ಒಳ್ಳೆಯ ಗೊಬ್ಬರವೆಂಬ ನಂಬಿಕೆಯಿಂದ ಇದರ ಬುಡಕ್ಕೂ ಬಿದ್ದರೆ ಕೆಡುಕು ಇಮ್ಮಡಿಯಾಗುತ್ತದೆ.

ಮುರಮಣ್ಣು ಬಡಮಣ್ಣು, ಅದನ್ನೇ ನೆಚ್ಚಿದರೆ ಹೂವೆಲ್ಲಿಂದ ಎಂಬ ಆಕ್ಷೇಪ ನ್ಯಾಯವಾದದ್ದೇ. ಗುಡ್ಡೆಯಲ್ಲಿ ಆ ಕೊರತೆ ತುಂಬುವುದು ಬುಡದಲ್ಲಿ ಕೊಳೆಯುವ ತರಗೆಲೆ. ಹಾಗಾಗಿ ಅಂಗಳದಲ್ಲೂ ಮುರಮಣ್ಣಿಗೆ ಹಳೆಯ ಹಟ್ಟಿಗೊಬ್ಬರ, ಸೊಪ್ಪಿನ ಗೊಬ್ಬರ ಬೆರೆಸಿ, ಮೇಲೆ ತರಗೆಲೆ ಹೊದೆಸಬೇಕು. ನರ್ಸರಿಯ ಗಿಡ್ಡ ತಳಿಗಳೂ ಚೀನಾ ಮೂಲದ ಇಕ್ಸೋರ ಚೈನೆನ್ಸಿಸ್ ಜಾತಿಯ ಗಿಡಗಳೂ ಹೆಚ್ಚು ಬಣ್ಣ, ಹೆಚ್ಚು ಅಚ್ಚುಕಟ್ಟು ಎಂಬುದು ಇನ್ನೊಂದು ವಾದ. ಕುಂಡಕ್ಕೂ ಕಾಲುದಾರಿಯ ಅಂಚಿಗೂ ಗಿಡ್ಡ ತಳಿ ಸರಿಯೇ. ಆದರೆ ಅದಕ್ಕೂ ಬೇಕಾದದ್ದು ಇದೇ ಹುಳಿಮಣ್ಣು. ತಳಿ ಬದಲಿಸಿದರೆ ರೋಗ ಬದಲಾಗದು. ಬೇಲಿಗೆ, ಬಿಸಿಲ ಬಯಲಿಗೆ, ಬೇಸಗೆಯಲ್ಲಿ ನೀರಿನ ಕೊರತೆಯಿರುವ ಜಾಗಕ್ಕೆ ಗುಡ್ಡೆಯ ಕೇಪಳವೇ ಮೇಲು. ಅದನ್ನು ಬೇರುಸಹಿತ ಕಿತ್ತು ತರುವುದು ಮಾತ್ರ ಸಲ್ಲದು. ಮುರಕಲ್ಲಿನ ಕೋರೆಗಳು ಗುಡ್ಡೆಗಳನ್ನು ಕರಗಿಸುತ್ತಿರುವಾಗ ಅದು ಇದ್ದುದನ್ನೂ ಕಳೆದಂತೆ. ಸಾಲದ್ದಕ್ಕೆ, ಕಿತ್ತ ದೊಡ್ಡ ಗಿಡ ಚಿಗುರುವುದೂ ಕಷ್ಟ.

ಮಳೆಗಾಲದ ಆರಂಭದಲ್ಲಿ ಅರೆಬಲಿತ ರೆಂಬೆಯಿಂದ 10–15 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗಿಟ್ಟರೆ ಬೇರು ಬರುತ್ತದೆ. ಗೂಟಿ ಕಟ್ಟಿಯೂ ಗಿಡ ಮಾಡಬಹುದು. ಬೀಜದ ಗಿಡ ಹೂ ಬಿಡಲು ತಡ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ, ಗೋಡೆಯಿಂದ ತುಸು ದೂರದ ಜಾಗ ಬೇಕು. ಬೇಲಿಗಾದರೆ ಗಿಡಗಳ ನಡುವೆ 60–90 ಸೆಂಟಿಮೀಟರ್ ಬಿಡಬೇಕು. ಸೊಪ್ಪಿಗೆಂದು ಕಡಿದ ಪೊದೆ ಬುಡದಿಂದ ಮತ್ತೆ ಚಿಗುರುವುದರಿಂದ ಸವರಲು ಅಂಜಬೇಕಿಲ್ಲ. ಆದರೆ ಹೂ ಬರುವುದು ತುದಿಯಲ್ಲೇ ಆದ್ದರಿಂದ ಹೂ ಮುಗಿದ ಮೇಲೆ ಸವರಬೇಕು. ತಿಂಗಳು ತಿಂಗಳು ಕತ್ತರಿ ಆಡಿಸಿದರೆ ಎಲೆಯಷ್ಟೇ ಉಳಿಯುತ್ತದೆ. ಹಿಟ್ಟುತಿಗಣೆ, ಶಲ್ಕಕೀಟ ಬಂದಲ್ಲಿ ಇರುವೆ ಹತ್ತುತ್ತದೆ, ಎಲೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ; ಬೇವಿನೆಣ್ಣೆಯ ಸಿಂಪಡಣೆ ಸಾಕು. ಎಳೆಯ ಎಲೆ ನರವಷ್ಟೇ ಹಸಿರಾಗಿ ಉಳಿದು ಹಳದಿಯಾದರೆ ಕೆಲೇಟೆಡ್ ಕಬ್ಬಿಣ ತಾತ್ಕಾಲಿಕ ಮದ್ದು. ಶಾಶ್ವತ ಪರಿಹಾರವೆಂದರೆ ಬುಡದ ಗಾರೆಮಣ್ಣು ತೆಗೆದು ಗುಡ್ಡೆಯ ಮಣ್ಣು ತುಂಬುವುದು.