ಸ್ಟೋಮಾ ಸುತ್ತಲಿನ ಚರ್ಮದ ಶುಚಿತ್ವ

ಕರುಳು ಅಥವಾ ಮೂತ್ರಮಾರ್ಗವನ್ನು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಮೇಲ್ಮೈಗೆ ತಂದು ಮಾಡಿದ ದ್ವಾರ ಸ್ಟೋಮಾ. ವಿಸರ್ಜನೆ ಸಂಗ್ರಹಿಸುವ ಚೀಲ ಅದರ ಸುತ್ತಲಿನ ಚರ್ಮಕ್ಕೇ ಅಂಟಿಕೊಳ್ಳಬೇಕು. ಸಣ್ಣ ಕರುಳಿನ ಸ್ಟೋಮಾ ಇರುವವರಲ್ಲಿ ಜೀರ್ಣರಸ ಸೋರಿದರೆ ಚರ್ಮ ಬೇಗ ಸುಲಿಯುತ್ತದೆ.

ದಿನನಿತ್ಯ ತೊಳೆಯಲು ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸ್ನಾನದ ಸೋಪು ಪಿಎಚ್ 9–10ರಷ್ಟು ಕ್ಷಾರೀಯ, ಹಾಗಾಗಿ ಚರ್ಮಕ್ಕೆ ಒಗ್ಗದು. ಸೋಪು ಬೇಕೇಬೇಕೆಂದರೆ ಸುವಾಸನೆ, ಎಣ್ಣೆ, ಕ್ರೀಮ್ ಇಲ್ಲದ ಸೌಮ್ಯವಾದದ್ದನ್ನು ಬಳಸಿ ಪೂರ್ತಿ ತೊಳೆಯಬೇಕು. ಮಕ್ಕಳ ಸೋಪು, ಒದ್ದೆ ಟಿಶ್ಯೂಗಳಲ್ಲೂ ತೇವಕಾರಕಗಳಿರಬಹುದು. ಹೆಸರು ನೋಡಿ ನಂಬಬಾರದು. ನಮ್ಮ ಮನೆಗಳಲ್ಲಿ ಉರಿಗೆಲ್ಲ ಹಚ್ಚುವ ಕೊಬ್ಬರಿ ಎಣ್ಣೆ ಇಲ್ಲಿ ಸಲ್ಲದು: ಜಿಡ್ಡಿದ್ದರೆ ಚೀಲ ಅಂಟದೆ ಸೋರುತ್ತದೆ. ಡೆಟಾಲ್, ಸ್ಪಿರಿಟ್ ಕೂಡ ಬೇಡ. ಒರೆಸುವಾಗ ಸ್ಟೋಮಾದಿಂದ ತುಸು ರಕ್ತ ಜಿನುಗುವುದು ಸಹಜ.

ಚೀಲದ ಅಂಟು ಬಿಡಿಸುವ ದ್ರವಗಳು ಸ್ಪ್ರೇ, ಒರೆಸುಬಟ್ಟೆಗಳ ರೂಪದಲ್ಲಿ ಸಿಗುತ್ತವೆ. ಸಿಲಿಕೋನ್ ಆಧಾರಿತವಾದವು ಬೇಗ ಆವಿಯಾಗುತ್ತವೆ, ಸಾಮಾನ್ಯವಾಗಿ ಚರ್ಮಕ್ಕೆ ಉರಿ ತರುವುದಿಲ್ಲ. ಸುಲಿದ ಚರ್ಮಕ್ಕೆ ಇವೇ ಮೇಲು. ಎಣ್ಣೆ ಆಧಾರಿತವಾದರೆ ಶೇಷ ಉಳಿಯದಂತೆ ತೊಳೆಯಬೇಕು. ಮದ್ಯಸಾರವಿದ್ದರೆ ಗಾಯ ಉರಿಯುತ್ತದೆ. ಚೀಲದ ಅಂಟುಪಟ್ಟಿಯನ್ನು ಎಳೆದು ಕೀಳದೆ, ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು ಮೇಲಿನಿಂದ ಕೆಳಗೆ ಸುತ್ತುತ್ತ ಬಿಡಿಸಬೇಕು.

ಈ ಆರೈಕೆಗೆ 1961ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಮತ್ತು ಸ್ವತಃ ಸ್ಟೋಮಾ ಹೊಂದಿದ್ದ ನಾರ್ಮಾ ಗಿಲ್ ತರಬೇತಿ ಶಾಲೆ ಆರಂಭಿಸಿದರು. ಕೆಂಪು, ತುರಿಕೆ, ಹುಣ್ಣು ಕಡಿಮೆಯಾಗದಿದ್ದರೆ ಸೋಪು ಬದಲಿಸುತ್ತ ಕೂರದೆ ಇಂಥ ತರಬೇತಿ ಪಡೆದ ಸ್ಟೋಮಾ ಶುಶ್ರೂಷಕರನ್ನು ಕಾಣಬೇಕು. ಎಷ್ಟೋ ಸಲ ಚೀಲದ ರಂಧ್ರದ ಅಳತೆ ತಪ್ಪಿರುವುದೇ ಕಾರಣವಾಗಿರುತ್ತದೆ.