ಗುಂಡು, ಗೂಡು ಮತ್ತು ಅಚ್ಚು

ಕರಾವಳಿ ಮತ್ತು ಮಲೆನಾಡಿನ ಹಿರಿಯರಿಗೆ ‘ಕೇಪಿನ ಕೋವಿ’ ಎಂಬ ಹೆಸರು ಅಪರಿಚಿತವಲ್ಲ. ಕರಿಮದ್ದನ್ನೂ ಸೀಸದ ಗುಂಡನ್ನೂ ಬಾಯಿಯಿಂದ ತುಂಬಿ, ಹಿಂಬದಿಗೆ ತಾಮ್ರದ ಕೇಪನ್ನಿಟ್ಟು ಸಿಡಿಸುವ ಆಯುಧವದು. ಇದೇ ತತ್ತ್ವವನ್ನು ಕೈಗೋವಿಗೆ ಅಳವಡಿಸಿ, ತಿರುಗುವ ಉರುಳೆಯಲ್ಲಿ ಐದಾರು ಗೂಡುಗಳನ್ನು ಕೊರೆದಾಗ ರಿವಾಲ್ವರ್ ಆಯಿತು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಅಂಥ ಆಯುಧ ಬಳುವಳಿಯಾಗಿ ಬಂದವರಿಗೆ ಎದುರಾಗುವ ತೊಡಕು, ಗುಂಡು ಗೂಡಿಗೆ ಹೊಂದದಿರುವುದು. ಈ ತೊಡಕಿಗೆ ದೀರ್ಘ ಚರಿತ್ರೆಯಿದೆ.

ಹದಿನೆಂಟನೆಯ ಶತಮಾನದ ಬ್ರಿಟಿಷ್ ಪದಾತಿಯ ‘ಬ್ರೌನ್ ಬೆಸ್’ ಬಂದೂಕಿನ ನಳಿಗೆಯ ಒಳವ್ಯಾಸ ಸುಮಾರು 19 ಮಿ.ಮೀ.; ಗುಂಡಿನದು ಸುಮಾರು 17.5 ಮಿ.ಮೀ. ಈ ಸಡಿಲ ಉದ್ದೇಶಪೂರ್ವಕವಾದುದು. ಕರಿಮದ್ದು ಉರಿದಾಗ ಉಳಿಯುವ ಮಸಿಯಿಂದ ನಳಿಗೆ ಕಿರಿದಾಗಿ, ಬಿಗಿಯಾದ ಗುಂಡು ಬೇಗನೆ ಸಿಕ್ಕಿಕೊಳ್ಳುತ್ತಿತ್ತು. ಸುರುಳಿಗೀರಿನ ರೈಫಲ್ಲಿನಲ್ಲಿ ಗುರಿ ನಿಖರವಾಗಿತ್ತು, ತುಂಬುವುದು ಮಾತ್ರ ನಿಧಾನವಾಗಿತ್ತು. ಸಿಡಿತದ ಒತ್ತಡಕ್ಕೆ ಬುಡ ಅರಳುವ ಮಿನಿಯೆ ಗುಂಡು 1849ರ ಹೊತ್ತಿಗೆ ಈ ವಿರೋಧವನ್ನು ಪರಿಹರಿಸಿತು. ಅದೇ ಬಗೆಯ ಗುಂಡು ಹಾರಿಸುವ 1853ರ ಎನ್‌ಫೀಲ್ಡ್ ರೈಫಲ್ಲಿನ ತೋಟೆಗಳಿಗೆ, ಗುಂಡು ಸುಲಭವಾಗಿ ಜಾರಲೆಂದು ಜಿಡ್ಡು ಸವರಿದರು. ಆ ಜಿಡ್ಡೇ 1857ರಲ್ಲಿ ಸಿಪಾಯಿಗಳ ಅಸಮಾಧಾನಕ್ಕೆ ಕಿಡಿಯಾಯಿತು.

ರಿವಾಲ್ವರಿನ ದಾರಿ ಇದಕ್ಕೆ ವಿರುದ್ಧವಾದುದು. ಇಲ್ಲಿ ಗುಂಡು ಗೂಡಿಗಿಂತ ತುಸು ದೊಡ್ಡದಿರಬೇಕು. ನಳಿಗೆಯ ಕೆಳಗಿನ ಸನ್ನೆಯಿಂದ ಅದನ್ನು ಒತ್ತಿದಾಗ ಗೂಡಿನ ಅಂಚು ಸೀಸದ ತೆಳುವಾದ ಬಳೆಯೊಂದನ್ನು ಕತ್ತರಿಸುತ್ತದೆ. ಪೂರ್ಣ ವೃತ್ತದ ಬಳೆ ಬಂದರೆ ಗುಂಡು ಹೊಂದಿದೆಯೆಂದು ಅರ್ಥ. ಬಳೆಯೇ ಬಾರದಿದ್ದರೆ ಗುಂಡು ಚಿಕ್ಕದು. ಆಗ ಹಿಂದೊದೆತಕ್ಕೆ ಉಳಿದ ಗುಂಡುಗಳು ಮುಂದೆ ಸರಿದು ಉರುಳೆ ತಿರುಗದೆ ನಿಲ್ಲಬಹುದು. ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೂ ಹಬ್ಬಬಹುದು. ಸನ್ನೆ ಅತಿಯಾದ ಬಲ ಕೇಳಿದರೆ ಗುಂಡು ದೊಡ್ಡದು, ಇಲ್ಲವೇ ಸೀಸ ಶುದ್ಧವಲ್ಲ, ಮಿಶ್ರಲೋಹ ಗಡುಸಾಗಿರುತ್ತದೆ.

ಹೆಸರಿನ ಅಂಕಿಯನ್ನು ನಂಬಿದವರು ಮೋಸಹೋಗುವುದು ಇಲ್ಲಿಯೇ. ಕೋಲ್ಟನ 1851ರ ‘ನೇವಿ’ ಮಾದರಿಯನ್ನು 36 ಕ್ಯಾಲಿಬರ್ ಎನ್ನುತ್ತಾರೆ, ಅಂದರೆ 9.1 ಮಿ.ಮೀ. ಅದು ನಳಿಗೆಯ ಗೀರುಗಳ ನಡುವಿನ ಏಣುಗಳಿಂದ ಅಳೆದ ಅಂಕಿ. ಆದರೆ ಗೂಡಿಗೆ ಬೇಕಾದ ಗುಂಡು ಸುಮಾರು 9.5 ಮಿ.ಮೀ. ಇಂಗ್ಲೆಂಡಿನ ಆಡಮ್ಸ್ ರಿವಾಲ್ವರಿನಲ್ಲಿ ಲೆಕ್ಕವೇ ಬೇರೆ: ‘54 ಬೋರ್’ ಎಂದರೆ ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ 54 ಗುಂಡುಗಳು, ಒಂದೊಂದೂ ಸುಮಾರು 8.4 ಗ್ರಾಂ.

ಅಂದಿನ ತಯಾರಕರು ಇದನ್ನು ಬಲ್ಲವರಾಗಿದ್ದರು. ಪೆಟ್ಟಿಗೆಯಲ್ಲಿ ಮಾರುವಾಗ ಆಯುಧದೊಡನೆ ಗುಂಡಿನ ಅಚ್ಚನ್ನೂ ಇಡುತ್ತಿದ್ದರು. ಬಳುವಳಿಯಲ್ಲಿ ಆಯುಧ ಉಳಿದು ಅಚ್ಚು ಕಳೆದರೆ ಅಳತೆಯೂ ಅದರೊಡನೆ ಹೋಗುತ್ತದೆ. ಆಗ ಪ್ರತಿಯೊಂದು ಗೂಡಿನ ಬಾಯಿಯನ್ನೂ ಬೇರೆ ಬೇರೆಯಾಗಿ ಅಳೆಯುವುದೊಂದೇ ದಾರಿ. ತುಕ್ಕು ತಿಂದ ಗೂಡುಗಳು ಒಂದೇ ಸಮವಾಗಿರುವುದಿಲ್ಲ.

ಅದಕ್ಕೂ ಮೊದಲು ಎರಡು ಎಚ್ಚರಿಕೆಗಳು. ಹಿರಿಯರು ತುಂಬಿಟ್ಟ ಈಡು ಗೂಡಿನಲ್ಲಿಯೇ ಇರಬಹುದು. ಒಣಗಿದ ಕರಿಮದ್ದು ದಶಕಗಳ ಬಳಿಕವೂ ಸಿಡಿಯಬಲ್ಲದು. ಆದ್ದರಿಂದ ಪರೀಕ್ಷೆ ಬಲ್ಲ ಕುಶಲಿಯ ಕೈಯಲ್ಲಿಯೇ ನಡೆಯಲಿ. ಎರಡನೆಯದು ಕಾನೂನು. 1857ರಲ್ಲಿ ಆಯುಧ ಒಪ್ಪಿಸಲೊಪ್ಪದ ಹಲಗಲಿಯ ಬೇಡರು ಪ್ರಾಣತೆತ್ತರು. ಅವರಿಗೆ ಅದು ಪರರಾಜ್ಯದ ಕಟ್ಟಳೆ. ಇಂದಿನ 1959ರ ಆಯುಧ ಕಾಯಿದೆ ನಾವೇ ಮಾಡಿಕೊಂಡದ್ದು. ಪರವಾನಗಿಯ ಪ್ರಶ್ನೆಯನ್ನು ಬಗೆಹರಿಸಿಕೊಂಡ ಬಳಿಕವೇ ಅಳತೆಯ ಮಾತು.

ಮನೆಯಲ್ಲಿ ಹಳೆಯ ಪೆಟ್ಟಿಗೆಯಿದ್ದರೆ ಅದರ ಮೂಲೆಯಲ್ಲಿರುವ ಇಕ್ಕುಳದಂಥ ಕಬ್ಬಿಣದ ತುಂಡನ್ನು ಗುಜರಿಗೆ ಹಾಕದಿರಿ. ಅದು ಆ ಅಚ್ಚೇ ಆಗಿರಬಹುದು.